ಬಣ್ಣ ಅಳಿಸಿದಾಗ ಕಂಡ ಅಕ್ಷರ

ಕೆರೆ ಏರಿಯ ಮೇಲಿನ ಆ ವೀರಗಲ್ಲಿಗೆ ಊರಿನವರು ವರ್ಷವರ್ಷವೂ ಸುಣ್ಣ ಬಳಿದು, ಎಣ್ಣೆ ಕುಂಕುಮ ಹಚ್ಚಿ ಪೂಜಿಸುತ್ತಾರೆ. ಅದರ ಮೇಲಿನ ಬರಹವನ್ನು ಓದಲು ಪಡಿಯಚ್ಚು, ಅಂದರೆ ಕಾಗದದ ಮೇಲೆ ಅದರ ನಕಲು, ತೆಗೆಯಬೇಕೆಂದರೆ ಕಲ್ಲನ್ನು ಉಜ್ಜಿ ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಬೇಕು. ಪೂಜೆಯ ಕಲ್ಲಿಗೆ ಹಾಗೆ ಮಾಡಲು ನನಗೆ ಮನಸ್ಸಾಗಲಿಲ್ಲ. ಪಕ್ಕದ ಮನೆಯ ಅಜ್ಜಿ, "ಮುಟ್ಟದೆ ಓದುವುದಾದರೆ ಓದಿಕೊಳ್ಳಪ್ಪ" ಎಂದರು.

ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನ ಸಂಪುಟವನ್ನು 1905ರಲ್ಲಿ ಪ್ರಕಟಿಸಿದರು. ಅದರಲ್ಲಿ ದಾಖಲಾದ ಎಷ್ಟೋ ಕಲ್ಲುಗಳು ಇಂದು ಇಲ್ಲ. ಉಳಿದವನ್ನು ಬೆಂಗಳೂರಿನ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತಿರುವುದನ್ನು ಕಂಡೇ ನಾನೂ ಈ ಕೆಲಸಕ್ಕೆ ಇಳಿದೆ. ನನ್ನ ಬಳಿ ಇದ್ದದ್ದು ಒಂದು ಸಾಧಾರಣ ಕ್ಯಾಮೆರಾ, ಅಳತೆಪಟ್ಟಿ, ಹಲವು ಚಿತ್ರಗಳನ್ನು ಜೋಡಿಸಿ ಮೂರು ಆಯಾಮದ ಮಾದರಿ ಕಟ್ಟುವ, ಉಚಿತವಾಗಿ ಸಿಗುವ ಮೆಶ್‌ರೂಮ್ ತಂತ್ರಾಂಶ.

ಮೊದಲ ದಿನದ ಚಿತ್ರಗಳು ಪೂರ್ತಿ ವ್ಯರ್ಥವಾದವು. ಬೇವಿನ ಮರದ ನೆರಳು ಕಲ್ಲಿನ ಮೇಲೆ ಸರಿಯುತ್ತಲೇ ಇತ್ತು. ಎಣ್ಣೆಯ ಹೊಳಪು ಪ್ರತಿ ಚಿತ್ರದಲ್ಲೂ ಒಂದೊಂದು ಕಡೆ ಬಿದ್ದಿತ್ತು. ಮರುದಿನ ಸೂರ್ಯ ಹುಟ್ಟುವ ಮುನ್ನವೇ ಹೋದೆ. ಒಂದು ಚಿತ್ರದ ಮುಕ್ಕಾಲು ಪಾಲು ಮುಂದಿನದರಲ್ಲೂ ಬರುವಂತೆ ಕಲ್ಲಿನ ಸುತ್ತ ನಿಧಾನವಾಗಿ ಸರಿಯುತ್ತಾ 140 ಚಿತ್ರ ತೆಗೆದೆ.

ಮಾದರಿ ಸಿದ್ಧವಾದ ಮೇಲೆ ಅದರ ಬಣ್ಣವನ್ನು ಅಳಿಸಿದೆ. ಕುಂಕುಮ, ಪಾಚಿ, ಕಲೆಗಳೆಲ್ಲ ಹೋಗಿ ಬರಿಯ ಉಬ್ಬುತಗ್ಗು ಉಳಿಯಿತು. ಪರದೆಯ ಮೇಲಿನ ಬೆಳಕನ್ನು ಎಡಗಡೆಯಿಂದ ತಗ್ಗಾಗಿ ಬೀಳಿಸಿದಾಗ "ತುಱುವಂ ಮಗುೞ್ಚಿ" ಎಂಬ ಮಾತು ಮೂಡಿತು. ದನಗಳನ್ನು ಮರಳಿ ತಂದು ಮಡಿದವನ ಕಲ್ಲು! ಕಣ್ಣು ತುಂಬಿ ಬಂತು.

ಆದರೆ ೞ ಕಾರವನ್ನು ನನ್ನ ಮೇಷ್ಟ್ರು ಕೂಡಲೇ ಒಪ್ಪಲಿಲ್ಲ. ಹಳಗನ್ನಡದ ಈ ಅಕ್ಷರ ಮುಂದೆ ಸ್ವರ ಬಂದರೆ ಳ, ವ್ಯಂಜನ ಬಂದರೆ ರ ಆಗಿ ಕಾಲಕ್ರಮೇಣ ಕರಗಿಹೋಯಿತು. ಅದು ಇದೆಯೆಂದರೆ ಕಲ್ಲಿನ ಕಾಲವೇ ಹಿಂದಕ್ಕೆ ಸರಿಯಬಹುದು. "ಬಿರುಕನ್ನು ಅಕ್ಷರವೆಂದು ಓದಬೇಡ" ಎಂದರು. ಆ ಗೆರೆಗೆ ಅಡ್ಡಲಾಗಿ ಮಾದರಿಯನ್ನು ಸೀಳಿ, ಆಳವನ್ನು ಪಕ್ಕದ ಅಕ್ಷರಗಳ ಆಳದೊಡನೆ ಹೋಲಿಸಿದೆ. ಉಳಿಯ ಏಟು ಒಂದೇ ತೆರನಾಗಿತ್ತು. ಬಹಳ ಹೊತ್ತು ನೋಡಿ ಮೇಷ್ಟ್ರು ತಲೆದೂಗಿದರು. ಅವರ ಕಣ್ಣಿಲ್ಲದಿದ್ದರೆ ನಾನು ಆ ಅನುಮಾನವನ್ನೇ ಪಡುತ್ತಿರಲಿಲ್ಲ.

ವೀರನ ಹೆಸರು ಮಾತ್ರ ಸಿಗಲಿಲ್ಲ. ಸುಣ್ಣ ದಪ್ಪನಾಗಿ ಕಟ್ಟಿಕೊಂಡ ಕಡೆ ಕ್ಯಾಮೆರಾ ಕಾಣುವುದು ಸುಣ್ಣವನ್ನೇ. ಮುದ್ರಿಸಿದ ಚಿತ್ರವನ್ನು ಅಜ್ಜಿಗೆ ಕೊಟ್ಟು, ಆ ಭಾಗವನ್ನು ತೋರಿಸಿದೆ. "ಜಾತ್ರೆಗೆ ಹೊಸ ಸುಣ್ಣ ಬಳಿಯುವ ಮುಂಚೆ ಹಳೆಯದನ್ನು ನಾವೇ ತೆಗೆಸುತ್ತೇವೆ, ಆಗ ಬಾ" ಎಂದರು.