ಕ್ಲಾರ್ಕಿಯಾಕ್ಕೆ ಗೊಬ್ಬರ ಬೇಡ

ಸ್ಪ್ರಿಂಗ್‌ವಿಲ್ ಕ್ಲಾರ್ಕಿಯಾವನ್ನು ಮೊದಲು ನೋಡಿದ್ದು ಒಂದು ಮೇ ತಿಂಗಳ ಕೊನೆಗೆ, ಸಿಯೆರಾ ನೆವಾಡಾ ಬೆಟ್ಟಸಾಲಿನ ಬುಡದಲ್ಲಿ. ನೀಲಿ ಓಕ್ ಮರಗಳ ಕೆಳಗೆ ಹುಲ್ಲೆಲ್ಲ ಒಣಗಿ ನಿಂತಿತ್ತು, ರಸ್ತೆ ಪಕ್ಕದ ದಿಬ್ಬದ ಮೇಲೆ ಮಾತ್ರ ಗುಲಾಬಿ ಬಣ್ಣದ ಹೂ. ಕ್ಯಾಲಿಫೋರ್ನಿಯಾದ ಟುಲೇರಿ ಕೌಂಟಿ ಬಿಟ್ಟರೆ ಈ ಗಿಡ ಬೇರೆಲ್ಲೂ ಇಲ್ಲ. 1998ರಲ್ಲಿ ಅಮೆರಿಕದ ಸರ್ಕಾರ ಇದನ್ನು ಅಪಾಯದಲ್ಲಿರುವ ಸಸ್ಯಗಳ ಪಟ್ಟಿಗೆ ಸೇರಿಸಿತು. ಒಂದು ಕಾಯನ್ನೂ ಮುಟ್ಟದೆ ವಾಪಸ್ ಬಂದೆ.

ಆದರೆ ಆಸೆ ಬಿಡಲಿಲ್ಲ. ಇದರ ಹತ್ತಿರದ ನೆಂಟ ಕ್ಲಾರ್ಕಿಯಾ ಅಂಗ್ವಿಕ್ಯುಲಾಟಾ ಅಪರೂಪದ್ದಲ್ಲ, ಬೀಜ ನರ್ಸರಿಯಲ್ಲೇ ಸಿಗುತ್ತದೆ. ಅದನ್ನು ಸ್ಯಾನ್ ಹೋಸೆಯ ನಮ್ಮ ಹಿತ್ತಲಲ್ಲಿ ಬೆಳೆಯಲು ಹೊರಟೆ.

ಮೊದಲ ವರ್ಷ ಕೆಟ್ಟಿತು. ಏಪ್ರಿಲ್‌ನಲ್ಲಿ ಟ್ರೇಯಲ್ಲಿ ಸಸಿ ಮಾಡಿ, ಕಾಂಪೋಸ್ಟ್ ಹಾಕಿದ ಪಾತಿಗೆ ನೆಟ್ಟೆ. ಬೇರು ಅಲುಗಿದ್ದಕ್ಕೋ ಏನೋ ಅರ್ಧ ಸತ್ತವು. ಉಳಿದವು ಸೊಪ್ಪಿನ ಹಾಗೆ ಕೊಬ್ಬಿ, ಹೂ ಬಿಡುವ ಮೊದಲೇ ನೆಲಕ್ಕೆ ಒರಗಿದವು. ತುಮಕೂರಿನಿಂದ ಅಮ್ಮ ವಿಡಿಯೋದಲ್ಲಿ ನೋಡಿ, "ಮಳೆ ಬಿದ್ದಾಗ ಚೆಲ್ಲೋ, ಈ ಬಿಸಿಲಲ್ಲಿ ಯಾಕೆ? ಸಣ್ಣ ಬೀಜ ಕಣಪ್ಪ, ಮರಳು ಬೆರೆಸ್ಕೋ" ಅಂದಳು.

ಇಲ್ಲಿ ಮಳೆ ಚಳಿಗಾಲದ್ದು. ನವೆಂಬರ್‌ನಲ್ಲಿ ಮೊದಲ ಮಳೆ ಆದ ಮೇಲೆ ಕಳೆ ಕಿತ್ತು, ಗೊಬ್ಬರ ಕಾಣದ ಗಟ್ಟಿ ಮಣ್ಣನ್ನು ಕುಂಟೆಯಿಂದ ಗೀರಿ, ಒಂದು ಹಿಡಿ ಬೀಜಕ್ಕೆ ನಾಲ್ಕು ಹಿಡಿ ಮರಳು ಸೇರಿಸಿ ಚೆಲ್ಲಿದೆ. ಮೇಲೆ ಮಣ್ಣು ಮುಚ್ಚಲಿಲ್ಲ, ಕಾಲಲ್ಲಿ ತುಳಿದೆ ಅಷ್ಟೇ. ಸಸಿಗಳು ಎಳೆಯವಿದ್ದಾಗ ಬಸವನಹುಳುಗಳ ಕಾಟ ಜಾಸ್ತಿ. ರಾತ್ರಿ ಟಾರ್ಚ್ ಹಿಡಿದು ಆಯ್ದೆ.

ಮೇ ತಿಂಗಳಲ್ಲಿ ಸೊಂಟದೆತ್ತರದ ಗಿಡ. ತಲೆ ತಗ್ಗಿಸಿದ ಮೊಗ್ಗು ಅರಳುವಾಗ ಮೇಲೆದ್ದು ನಿಲ್ಲುತ್ತದೆ. ನಾಲ್ಕೇ ಎಸಳು. ಒಂದೊಂದೂ ಬುಡದಲ್ಲಿ ದಾರದಷ್ಟು ಸಪೂರ, ತುದಿಯಲ್ಲಿ ಚಮಚದಷ್ಟು ಅಗಲ. ಮೊದಲು ಎಂಟು ಕೇಸರಗಳು ಪರಾಗ ಉದುರಿಸುತ್ತವೆ. ಅದಾದ ಮೇಲಷ್ಟೇ ಶಲಾಕಾಗ್ರ, ಅಂದರೆ ಹೂವಿನ ನಡುವೆ ಪರಾಗ ಹಿಡಿಯುವ ತುದಿ, ನಾಲ್ಕಾಗಿ ಬಿಚ್ಚಿಕೊಳ್ಳುತ್ತದೆ. ತನ್ನದೇ ಪರಾಗ ತನಗೆ ತಾಗದ ಹಾಗೆ ಈ ಏರ್ಪಾಡು. ಬೆಳಗಿನ ಕಾಫಿ ಹಿಡಿದು ಅದನ್ನೇ ನೋಡುತ್ತ ಕೂತ ದಿನಗಳುಂಟು.

ನೀರು ನಿಲ್ಲಿಸಿ, ಗಿಡ ಪೂರ್ತಿ ಒಣಗುವವರೆಗೆ ಕೀಳದೆ ಬಿಟ್ಟೆ. ನೋಡಲು ಚೆಂದವಿಲ್ಲ, ನಿಜ. ಜುಲೈಯಲ್ಲಿ ಕಾಯಿ ತುದಿಯಿಂದ ಸೀಳಿ ಬಾಯಿ ಬಿಟ್ಟಿತು. ಗಾಳಿ ಬಂದಾಗಲೆಲ್ಲ ಒಣ ಕಡ್ಡಿಗಳು ಅಲುಗಿ, ಕಂದು ಬೀಜ ಅದೇ ಬಿರುಕು ನೆಲಕ್ಕೆ ಉದುರುತ್ತಿತ್ತು. ಮುಂದಿನ ನವೆಂಬರ್‌ನಲ್ಲಿ ನಾನು ಚೆಲ್ಲುವ ಮೊದಲೇ ಸಸಿ ಎದ್ದಿದ್ದವು.