ಎರಡು ಬಾಗಿಲಿನ ಜೀಪು: ಹಿಂದಿನ ಸೀಟಿಗೆ ದಾರಿ ಬಿಡಿಸಿದ್ದು

ಮುಂದಿನ ಎಡ ಸೀಟಿನ ಲಿವರ್ ಎಳೆದರೆ ಬೆನ್ನು ಮಡಚುತ್ತಿತ್ತು, ಸೀಟು ಮಾತ್ರ ಅದರ ಜೊತೆ ಮುಂದೆ ಜಾರುತ್ತಿರಲಿಲ್ಲ. ಗೇಣಗಲದ ಸಂದಿಯಲ್ಲಿ ಅಮ್ಮ ಸೀರೆ ಎತ್ತಿ ಹಿಡಿದು ನುಸುಳಬೇಕಿತ್ತು.

ಸೈಡ್ ಸ್ಟೆಪ್ ಹಾಕಿಸಿದೆ. ಹತ್ತುವುದು ಸುಲಭವಾಯಿತು, ನುಸುಳುವುದಲ್ಲ. ಸೀಟು ಜಾರುವ ಹಳಿಗೆ ಎಣ್ಣೆ ಸ್ಪ್ರೇ ಹೊಡೆದೆ. ಧೂಳು ಮೆತ್ತಿ ಇನ್ನೂ ಬಿಗಿಯಾಯಿತು. ಸೀಟನ್ನೇ ಬದಲಿಸಿ ಎಂದರು ಗ್ಯಾರೇಜಿನವರು. ಅದೂ ಬೇಕಿರಲಿಲ್ಲ.

ಸೀಟು ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ಹತ್ತು ನಿಮಿಷ ಕಾಯಿರಿ. ಸೀಟಿನಡಿಯ ಹಳದಿ ಕನೆಕ್ಟರ್ ಏರ್‌ಬ್ಯಾಗ್ ವ್ಯವಸ್ಥೆಯದು, ಈ ಹೆಜ್ಜೆ ಬಿಡಲೇಬೇಡಿ. ಸೀಟು ಹಿಂದೆ ತಳ್ಳಿ ಮುಂದಿನ ಎರಡು ಬೋಲ್ಟ್, ಮುಂದೆ ತಳ್ಳಿ ಹಿಂದಿನ ಎರಡು ಬಿಚ್ಚಿ, ಕನೆಕ್ಟರ್ ಕಳಚಿ, ಬೋರಲು ಹಾಕಿ. ನನ್ನದರಲ್ಲಿ ಹಳಿ ತುಂಬ ಕೆಮ್ಮಣ್ಣು, ನಡುವೆ ಒಂದು ಅಡಿಕೆ ಸಿಪ್ಪೆ. ಅಸಲು ತೊಂದರೆ ಬೇರೆ: ಲಿವರ್ ಎಳೆದಾಗ ಸೀಟನ್ನು ಹಳಿಗೆ ಕಚ್ಚಿ ಹಿಡಿಯುವ ಕೊಕ್ಕೆಗಳಲ್ಲಿ ಬಾಗಿಲ ಬದಿಯದು ಬಿಡುತ್ತಿತ್ತು, ಒಳಬದಿಯದು ಬಿಡುತ್ತಿರಲಿಲ್ಲ. ಅದನ್ನು ಎಳೆಯುವ ಕೇಬಲ್ ಸಡಿಲಾಗಿತ್ತು. 10ರ ಸ್ಪಾನರಿನಲ್ಲಿ ಲಾಕ್‌ನಟ್ ತಿರುಗಿಸಿ ಸಡಿಲನ್ನು ಸುಮಾರು 2 ಮಿ.ಮೀ.ಗೆ ಇಳಿಸಿದೆ. ಪೂರ್ತಿ ಬಿಗಿಯಬಾರದು, ಕೊಕ್ಕೆ ಸರಿಯಾಗಿ ಕಚ್ಚದೆ ಬ್ರೇಕ್ ಹಾಕಿದಾಗ ಸೀಟು ಜಾರೀತು. ಆಮೇಲೆ ಹಳಿ ಬ್ರಷ್‌ನಿಂದ ಉಜ್ಜಿ ಬಿಳಿ ಲಿಥಿಯಂ ಗ್ರೀಸ್ ತೆಳ್ಳಗೆ ಸವರಿದೆ.

ನಾಲ್ಕೂ ಬೋಲ್ಟ್ ಮೊದಲು ಕೈಯಲ್ಲೇ ಕೂರಿಸಿ, ನಂತರ ಮ್ಯಾನ್ಯುಅಲ್ ಹೇಳುವ ಟಾರ್ಕ್‌ಗೆ (ಬಿಗಿತದ ಅಳತೆಗೆ) ಬಿಗಿಯಿರಿ. ಕನೆಕ್ಟರ್ ಸಿಕ್ಕಿಸಿದ ಮೇಲಷ್ಟೇ ಬ್ಯಾಟರಿ. ಸೀಟು ಹಿಂದೆ ತಳ್ಳಿದಾಗ ಎರಡೂ ಕಡೆ ಟಕ್ ಎನ್ನಬೇಕು.