ಬರೀ ಗಂಟುಗಳ ಫೋಟೋ: ನನ್ನ ಅನುಭವ

ಫೈನಲ್ ಇಯರ್ ಪ್ರಾಜೆಕ್ಟಿಗೆ ನಾನು ತಗೊಂಡಿದ್ದು ಗಂಟು. ಹಗ್ಗದ ಗಂಟು, ದಾರದ ಗಂಟು, ಹರಿದ ಬಟ್ಟೆ ಚೂರಿನ ಗಂಟು. ಗೇಟು ತೆರ್ಕೋಬಾರ್ದು ಅಂತ ಕಟ್ಟಿದ್ದು, ಪೈಪು ಜಾರಬಾರ್ದು ಅಂತ ಬಿಗಿದಿದ್ದು, ಟಾರ್ಪಾಲು ಹಾರಬಾರ್ದು ಅಂತ ಎಳೆದು ಕಟ್ಟಿದ್ದು, ಸಸಿ ವಾಲದಿರಲಿ ಅಂತ ಕೋಲಿಗೆ ಸುತ್ತಿದ್ದು, ಇಂಥವೇ. ಅಲಂಕಾರಕ್ಕೆ ಕಟ್ಟಿದ್ದು ಒಂದೂ ಇಲ್ಲ. ನಮಗೆ ಕೊಟ್ಟಿದ್ದ ವಿಷಯ ಪುನರಾವರ್ತನೆ ಮತ್ತು ಸಂಗ್ರಹ, ಮಾಧ್ಯಮ ಫೋಟೋಗ್ರಫಿ, ಮಿಕ್ಕಿದ್ದೆಲ್ಲ ನಮಗೇ ಬಿಟ್ಟಿದ್ರು.

ಕ್ಲಾಸಲ್ಲಿ ಅರ್ಧ ಜನ ಬಾಗಿಲು ಕಿಟಕಿ ಹಿಡ್ಕೊಂಡ್ರು. ನಾನೂ ಬಾಗಿಲಿಂದಾನೇ ಶುರು ಮಾಡಿದ್ದು, ಆದ್ರೆ ಬಾಗಿಲಿಗೊಂದು ಸಮಸ್ಯೆ ಇದೆ, ಅದು ಆಗ್ಲೇ ಚೆನ್ನಾಗಿರುತ್ತೆ. ಬಣ್ಣ ಇರುತ್ತೆ, ಕೆತ್ತನೆ ಇರುತ್ತೆ, ಮಾಡಿದವನು ಯಾರಾದ್ರೂ ನೋಡ್ಲಿ ಅಂತಾನೇ ಮಾಡಿರ್ತಾನೆ, ನಾವು ಹೋಗಿ ಫೋಟೋ ತೆಗೆದ್ರೆ ಅವನ ಕೆಲಸಾನ ನಾವು ಕಾಪಿ ಹೊಡ್ದಂಗೆ ಅಷ್ಟೆ. ಗಂಟು ಹಂಗಲ್ಲ, ಯಾರೂ ನೋಡ್ಲಿ ಅಂತ ಕಟ್ಟಲ್ಲ. ಕೈ ಕಟ್ಟುತ್ತೆ, ತಲೆ ಬೇರೆ ಏನೋ ಯೋಚನೆ ಮಾಡ್ತಿರುತ್ತೆ. ಕೆಲಸ ಒಂದೇ, ಹಿಡಿದಿಡೋದು, ಆದ್ರೆ ಎರಡು ಗಂಟು ಒಂದೇ ಥರ ಇರಲ್ಲ. ಇನ್ನೊಂದು ಅನುಕೂಲ ಏನಂದ್ರೆ ಹೆಚ್ಚುಕಮ್ಮಿ ಎಲ್ಲ ಗಂಟೂ ಮುಷ್ಟಿ ಗಾತ್ರದ ಒಳಗೇ ಇರುತ್ತೆ, ಹಾಗಾಗಿ ಒಂದೇ ದೂರದಿಂದ ತೆಗೀಬಹುದು.

ಈ ದೂರದ ವಿಷಯ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಇಡೀ ಕೆಲಸ ನಿಂತಿದ್ದೇ ಅದರ ಮೇಲೆ. ಜೂಮ್ ಮಾಡಿದ್ರೆ ಪರ್ಸ್‌ಪೆಕ್ಟಿವ್ ಬದಲಾಗುತ್ತೆ ಅಂತ ತುಂಬ ಜನ ಅನ್ಕೋತಾರೆ, ನಿಜ ಹೇಳ್ಬೇಕಂದ್ರೆ ಅದು ಬದಲಾಗೋದು ನಾವು ನಿಂತಿರೋ ದೂರದಿಂದ, ಲೆನ್ಸಿಂದ ಅಲ್ಲ. ಹತ್ತಿರ ಹೋದ್ರೆ ಮುಂದಿರೋ ಎಳೆ ದಪ್ಪ ಆಗುತ್ತೆ ಹಿಂದಿರೋದು ಸಣ್ಣ ಆಗುತ್ತೆ. ಅದಕ್ಕೇ ನಾನು ಕ್ಯಾಮೆರಾ ಸ್ಟ್ರ್ಯಾಪಿನ ಕೊಂಡಿಗೆ 60 ಸೆಂಟಿಮೀಟರ್ ದಾರ ಕಟ್ಕೊಂಡೆ, ಅದರ ತುದಿ ಗಂಟಿಗೆ ತಾಗಿಸಿ, ದಾರ ಬಿಗಿ ಆಗೋವರೆಗೂ ಹಿಂದೆ ಬಂದು, ದಾರ ಬಿಟ್ಟು, ಕ್ಲಿಕ್. 50 ಎಂಎಂ ಲೆನ್ಸು, ಎಫ್8 (ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅನ್ನೋ ಅಳತೆ), ವೈಟ್ ಬ್ಯಾಲೆನ್ಸ್ ಅಂದ್ರೆ ಬಣ್ಣದ ಹೊಂದಾಣಿಕೆ ಮ್ಯಾನ್ಯುಯಲ್ಲು, ರಾ ಫೈಲು (ಕ್ಯಾಮೆರಾ ತಿದ್ದದೇ ಇರೋ ಮೂಲ ಫೈಲು), ಪ್ರತಿ ಜಾಗದಲ್ಲೂ ಮೊದಲು ಒಂದು ಗ್ರೇ ಕಾರ್ಡ್ ಫೋಟೋ, ಅಂದ್ರೆ ಬೆಳಕು ಬಣ್ಣ ಹೊಂದಿಸೋಕೆ ಇಡೋ ಬೂದು ರಟ್ಟಿಂದು. ಗಂಟು ಫ್ರೇಮಿನ ನಟ್ಟನಡುವೆ. ಕ್ಯಾಮೆರಾ ಗಂಟಿನ ಎತ್ತರಕ್ಕೇ ಇರಬೇಕು, ಮೇಲಿಂದಲೂ ಅಲ್ಲ ಕೆಳಗಿಂದಲೂ ಅಲ್ಲ, ಅಂದ್ರೆ ಗೇಟಿನ ಕೆಳಗಡೆ ಕಟ್ಟಿದ್ರೆ ನೆಲಕ್ಕೆ ಹೊಟ್ಟೆ ಹಾಕಿ ಮಲಗೋದು. ಬಿಸಿಲಿದ್ರೆ ತೆಗೆಯೋ ಹಾಗಿಲ್ಲ, ಮೋಡ ಇರ್ಬೇಕು. ಇಲ್ಲ ಪೂರ್ತಿ ನೆರಳಿರ್ಬೇಕು. ಗಂಟನ್ನ ಮುಟ್ಟಿ ಸರಿ ಮಾಡೋ ಹಾಗಿಲ್ಲ, ಜೋತಾಡ್ತಿರೋ ತುದಿಯನ್ನೂ ಸರಿಸೋ ಹಾಗಿಲ್ಲ.

ಮೋಡದ ರೂಲು ನನ್ನ ಸ್ವಂತದ್ದಲ್ಲ. ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಷರ್ ದಂಪತಿ 1959ರಿಂದ ಜೊತೆಯಾಗಿ ನೀರಿನ ಟ್ಯಾಂಕು, ಗ್ಯಾಸ್ ಟ್ಯಾಂಕು, ಕುಲುಮೆ, ಗಣಿ ಗೋಪುರ ಇಂಥವನ್ನೇ ದಶಕಗಟ್ಟಲೆ ತೆಗೆದ್ರು, ಎಲ್ಲಾ ಕಪ್ಪು ಬಿಳುಪು, ಎಲ್ಲಾ ಮೋಡ ಕವಿದ ಬೆಳಕಲ್ಲಿ, ದೊಡ್ಡ ಫಾರ್ಮ್ಯಾಟ್ ಕ್ಯಾಮೆರಾದಲ್ಲಿ, ನೇರ ಎದುರಿಂದ. ಆಮೇಲೆ ಒಂದೇ ಜಾತಿಯವನ್ನ 9, 12, 15 ಹೀಗೆ ಸಾಲು ಸಾಲಾಗಿ ಜೋಡಿಸೋದು. ನೆರಳು ಬಿದ್ರೆ ನಾಟಕ ಬರುತ್ತೆ, ಬೆಳಗ್ಗೇನೋ ಸಂಜೆಯೋ ಅಂತ ಕಣ್ಣು ಹುಡುಕೋಕೆ ಶುರು ಮಾಡುತ್ತೆ, ವಸ್ತುವಿನ ಆಕಾರ ಹಿಂದೆ ಬೀಳುತ್ತೆ. 1990ರ ವೆನಿಸ್ ಬಿನಾಲೆಯಲ್ಲಿ, ಅಂದ್ರೆ ಇಟಲಿಯಲ್ಲಿ ನಡೆಯೋ ದೊಡ್ಡ ಕಲಾ ಪ್ರದರ್ಶನದಲ್ಲಿ, ಇವರಿಗೆ ಪ್ರಶಸ್ತಿ ಕೊಟ್ಟಿದ್ದು ಶಿಲ್ಪಕಲೆಗೆ! ಫೋಟೋಗೆ ಶಿಲ್ಪದ ಪ್ರಶಸ್ತಿ. ಮೊದಲ ಸಲ ಕೇಳ್ದಾಗ ನಗು ಬಂತು, ಗಂಟು ತೆಗೆಯೋಕೆ ಶುರು ಮಾಡಿದ್ಮೇಲೆ ಅದ್ರಲ್ಲಿ ತಮಾಷೆ ಏನೂ ಕಾಣಿಸ್ಲಿಲ್ಲ, ಗಂಟೂ ಒಂದು ಶಿಲ್ಪಾನೇ, ಕಟ್ಟಿದವನಿಗೆ ಗೊತ್ತಿಲ್ಲ ಅಷ್ಟೆ.

ಜನ ಕೇಳೋದು ಒಂದೇ ಪ್ರಶ್ನೆ, ಇದನ್ನ ಯಾಕೆ ತೆಗೀತೀರ ಅಂತ. ಗಂಟುಗಳನ್ನ ಸೇರಿಸ್ತಿದ್ದೀನಿ ಅಂದ್ರೆ ಸಾಕು, ಅರ್ಧ ಜನ ನಕ್ಕು ಸುಮ್ನಾಗ್ತಾರೆ, ಇನ್ನರ್ಧ ಜನ ತಾವು ಕಟ್ಟಿದ್ದು ಯಾಕೆ ಹಂಗೆ ಕಟ್ಟಿದ್ದು ಅಂತ ವಿವರಿಸೋಕೆ ಶುರು ಮಾಡ್ತಾರೆ. ಕೆಲವರು ನಾಚ್ಕೊಂಡು ಬಿಚ್ಚಿ ನೀಟಾಗಿ ಕಟ್ಟಿ ಕೊಡ್ತೀನಿ ಇರಿ ಅಂತ ಕೈ ಹಾಕ್ಬಿಡ್ತಾರೆ, ಅವರನ್ನ ತಡೆಯೋದೇ ದೊಡ್ಡ ಕೆಲಸ. ನಿಯಮ ಅಂತ ಮಾಡ್ಕೊಂಡಿದ್ದು, ಮನೆ ಆವರಣದ ಒಳಗಿದ್ರೆ ಕೇಳಿ ತೆಗಿ, ಬೇಡ ಅಂದ್ರೆ ಬಿಡು, ಮುಖ ನಂಬರ್ ಪ್ಲೇಟು ಹೆಸರಿನ ಬೋರ್ಡು ಫ್ರೇಮಲ್ಲಿ ಬೇಡ.

ಈಗ ಮುಖ್ಯ ವಿಷಯ. ಸಂಗ್ರಹದ ಫೋಟೋಗ್ರಫಿಯಲ್ಲಿ ಚೆನ್ನಾಗಿರೋ ಫೋಟೋನೇ ಶತ್ರು. ನನ್ನ ಹತ್ರ ಒಂದು ಫೋಟೋ ಇತ್ತು, ತುಕ್ಕು ಹಿಡಿದ ಕಂಬಿಗೆ ಕೆಂಪು ಬಟ್ಟೆ ಚೂರಿನ ಗಂಟು, ಹಿಂದೆ ನೀಲಿ ಗೋಡೆ, ಯಾರಿಗೆ ತೋರಿಸಿದ್ರೂ ವಾವ್ ಅಂತಿದ್ರು. ಗೋಡೆ ಮೇಲೆ ಎಲ್ಲ ಪ್ರಿಂಟು ಅಂಟಿಸಿ ಮೇಡಂಗೆ ತೋರಿಸ್ದಾಗ ಅವರು ಸ್ವಲ್ಪ ಹೊತ್ತು ನೋಡಿ, ಎದ್ದು ಹೋಗಿ, ಆ ಕೆಂಪು ಗಂಟಿನ ಮೇಲೆ ಅಂಗೈ ಅಡ್ಡ ಇಟ್ಟು "ಈಗ ನೋಡಮ್ಮ" ಅಂದ್ರು. ನೋಡಿದೆ. ಅಲ್ಲಿವರೆಗೂ ಸತ್ತಂಗಿದ್ದ ಉಳಿದ ಗಂಟುಗಳೆಲ್ಲ ಎದ್ದು ಕೂತ್ವು. ಒಂದು ಫೋಟೋ ಜೋರಾಗಿ ಕೂಗ್ತಿದ್ರೆ ಕಣ್ಣು ಅಲ್ಲೇ ಹೋಗಿ ಕೂರುತ್ತೆ, ಹೋಲಿಸೋ ಕೆಲಸ ನಿಂತುಹೋಗುತ್ತೆ, ಹೋಲಿಕೆ ನಿಂತ ಮೇಲೆ ಅದು ಸಂಗ್ರಹ ಅಲ್ಲ, ಒಂದು ಒಳ್ಳೆ ಫೋಟೋ ಜೊತೆಗೊಂದಿಷ್ಟು ಬೇಜಾರಿನ ಫೋಟೋ. ಆಮೇಲೆ ಆಯ್ಕೆ ಮಾಡೋವಾಗ ಇದು ಚೆನ್ನಾಗಿದ್ಯಾ ಅಂತ ನಾನು ಕೇಳ್ಲೇ ಇಲ್ಲ. ಪಕ್ಕದ್ದನ್ನ ನೋಡೋ ಹಾಗೆ ಮಾಡುತ್ತಾ, ಅಷ್ಟೇ ಪ್ರಶ್ನೆ. ಇನ್ಸ್ಟಾಗ್ರಾಂಗೆ ಹಾಕಿದ್ರೆ ಲೈಕ್ ಬರೋ ಫೋಟೋಗಳು ಹೆಚ್ಚುಕಮ್ಮಿ ಎಲ್ಲ ಔಟ್ ಆದ್ವು (ಹೊಟ್ಟೆ ಉರೀತು, ಸುಳ್ಳು ಹೇಳಲ್ಲ).

ಇದೇ ಕಾರಣಕ್ಕೆ ಕೊನೆಗೆ ಎಲ್ಲವನ್ನೂ ಕಪ್ಪು ಬಿಳುಪು ಮಾಡಿದೆ. ಕಪ್ಪು ಬಿಳುಪು ಅಂದ್ರೆ ಆರ್ಟು ಅನ್ನೋ ಶೋಕಿಗಲ್ಲ, ಪ್ಲಾಸ್ಟಿಕ್ ಹಗ್ಗದ ಬಣ್ಣಗಳು ಕಿರುಚ್ತಿದ್ವು ಅದಕ್ಕೆ.

ನಿಜವಾದ ಕೆಲಸ ನಡೆದಿದ್ದು ನೆಲದ ಮೇಲೆ. ಸ್ಕ್ರೀನಲ್ಲಿ ವಿಂಗಡಿಸೋಕೆ ಆಗಲ್ಲ, ಸ್ಕ್ರೀನು ಯಾವಾಗ್ಲೂ ತಾನೇ ಒಂದು ಕ್ರಮ ಹಾಕ್ಕೊಂಡಿರುತ್ತೆ, ತಾರೀಖು ಪ್ರಕಾರ ಇಲ್ಲ ಹೆಸರಿನ ಪ್ರಕಾರ. ಅಂಗೈಯಷ್ಟು ಸಣ್ಣ ಪ್ರಿಂಟ್ ತೆಗೆಸಿ ರೂಮಿನ ನೆಲದ ತುಂಬ ಹರಡಿದೆ, ಹಿಂದೆ ಪೆನ್ಸಿಲಲ್ಲಿ ಫೈಲ್ ನಂಬರು. ಮೊದಲು ವಸ್ತುವಿನ ಪ್ರಕಾರ ಗುಡ್ಡೆ ಮಾಡಿದೆ, ಸುತಳಿ, ನೈಲಾನು, ಬಟ್ಟೆ, ವೈರು. ಇದು ತುಂಬ ಸುಲಭದ ವಿಂಗಡಣೆ, ಯಾರು ಬೇಕಾದ್ರೂ ಮಾಡ್ತಾರೆ, ಆದ್ರೂ ಇದ್ರಿಂದ ಒಂದು ವಿಷಯ ಕಾಣಿಸ್ತು. ನೈಲಾನ್ ಹಗ್ಗದ್ದೆಲ್ಲ ಗಂಟಿನ ಮೇಲೆ ಗಂಟು, ಮೂರು ನಾಲ್ಕು ಇರೋವು, ಯಾಕಂದ್ರೆ ಅದು ನುಣುಪು, ಬಿರುಸು ಬೇರೆ, ಒಂದು ಗಂಟು ನಿಲ್ಲಲ್ಲ, ಜಾರಿ ಬಿಚ್ಚಿಕೊಳ್ಳುತ್ತೆ. ಕಟ್ಟಿದವರಿಗೆ ಅದರ ಮೇಲೆ ನಂಬಿಕೆ ಇಲ್ಲ. ಹತ್ತಿ ಬಟ್ಟೇದು ಒಂದೋ ಎರಡೋ ಸುತ್ತು ಅಷ್ಟೆ, ಮಳೆಗೆ ನೆಂದು ಉಬ್ಬಿ ತಾನೇ ಬಿಗಿಯಾಗಿರುತ್ತೆ, ಬಿಚ್ಚಬೇಕಂದ್ರೆ ಕತ್ತರೀನೇ ಬೇಕು.

ಎರಡನೇ ಸಲ ಕಟ್ಟಿದ ರೀತಿ ನೋಡಿ ವಿಂಗಡಿಸ್ದೆ. ಇಲ್ಲಿ ಸ್ವಲ್ಪ ಕಲೀಬೇಕಾಯ್ತು. ಸಾಮಾನ್ಯವಾಗಿ ನಾವೆಲ್ಲ ಕಟ್ಟೋದು ಎಡದ್ದನ್ನ ಬಲದ್ದರ ಮೇಲೆ ಹಾಕಿ ಒಂದು ಸುತ್ತು, ಆಮೇಲೆ ಇನ್ನೊಂದು ಸುತ್ತು. ಎರಡನೇದೂ ಅದೇ ದಿಕ್ಕಿಗೆ ಹಾಕಿದ್ರೆ ಗಂಟು ಸೊಟ್ಟಗೆ ಕೂರುತ್ತೆ, ತುದಿಗಳು ಅಡ್ಡಡ್ಡ ನಿಲ್ತವೆ, ಎಳೆದ್ರೆ ಜಾರುತ್ತೆ, ಇದಕ್ಕೆ ಗ್ರ್ಯಾನಿ ನಾಟ್ ಅಂತಾರೆ. ಎರಡನೇದನ್ನ ಉಲ್ಟಾ ದಿಕ್ಕಿಗೆ ಹಾಕಿದ್ರೆ ಚಪ್ಪಟೆಯಾಗಿ ನೀಟಾಗಿ ಕೂರುತ್ತೆ, ತುದಿಗಳು ಹಗ್ಗದ ಜೊತೆಗೇ ಮಲಗ್ತವೆ, ಅದು ರೀಫ್ ನಾಟ್. ಇಷ್ಟು ತಿಳ್ಕೊಂಡ ಮೇಲೆ ಫೋಟೋಗಳನ್ನ ನೋಡೋದೇ ಬೇರೆ ಆಯ್ತು. ನನ್ನ ಗುಡ್ಡೆಯಲ್ಲಿ ಗ್ರ್ಯಾನಿ ರಾಶಿ ಬಿತ್ತು, ರೀಫ್ ಬೆರಳೆಣಿಕೆಯಷ್ಟು. ಲೋಕ ನಿಂತಿರೋದು ಸೊಟ್ಟ ಗಂಟಿನ ಮೇಲೇನೇ ಅನ್ನಿ.

ಮೂರನೇ ವಿಂಗಡಣೆ ಹೇಳೋಕೆ ಸ್ವಲ್ಪ ಕಷ್ಟ. ಆತುರದಲ್ಲಿ ಕಟ್ಟಿದ್ದು, ಇವತ್ತೊಂದಿನ ಇರ್ಲಿ ಅಂತ ಕಟ್ಟಿ ವರ್ಷಗಟ್ಟಲೆ ಹಂಗೇ ಉಳಿದದ್ದು, ಒಬ್ಬರು ಕಟ್ಟಿದ್ದರ ಮೇಲೆ ಇನ್ನೊಬ್ಬರು ಬಂದು ಕಟ್ಟಿದ್ದು, ಕಟ್ಟಿದ ವಸ್ತುವೇ ಹೋಗಿ ಗಂಟು ಮಾತ್ರ ಕಂಬದ ಮೇಲೆ ಉಳಿದದ್ದು. ಇವುಗಳಿಗೆ ಪುರಾವೆ ಇಲ್ಲ, ನನ್ನ ಊಹೆ, ಧೂಳು, ಬಣ್ಣ ಮಾಸಿರೋದು, ತುದಿ ಎಷ್ಟು ಪಿಸಿದಿದೆ ಅನ್ನೋದು ನೋಡ್ಕೊಂಡು. ಆದ್ರೆ ಪ್ರಾಜೆಕ್ಟ್ ಆಗಿದ್ದು ಈ ಗುಡ್ಡೆಯಿಂದಾನೇ, ಮೊದಲಿನ ಎರಡು ವಿಂಗಡಣೆ ಮಾಡ್ದೆ ಇದ್ದಿದ್ರೆ ಇದು ಹೊಳೀತಾನೂ ಇರ್ಲಿಲ್ಲ. ಅದಕ್ಕೇ ಯಾರಾದ್ರೂ ಕೇಳಿದ್ರೆ ಹೇಳ್ತೀನಿ, ಕನಿಷ್ಠ ಮೂರು ಥರ ಗುಡ್ಡೆ ಮಾಡಿ ಕೆಡವಿ ಮತ್ತೆ ಮಾಡಿ.

ಗಡಿ ಎಲ್ಲಿ ಹಾಕೋದು ಅನ್ನೋದೂ ಆಗ್ಲೇ ಬಂದ ಜಗಳ. ಬೈಂಡಿಂಗ್ ವೈರ್ ತಿರುಚಿದ್ದು ಗಂಟಾ? ಕೇಬಲ್ ಟೈ, ಅಂದ್ರೆ ಎಳೆದ್ರೆ ಲಾಕ್ ಆಗೋ ಪ್ಲಾಸ್ಟಿಕ್ ಪಟ್ಟಿ, ಗಂಟಾ? ಕೇಬಲ್ ಟೈ ಬೇಡ ಅಂದೆ, ಅದರಲ್ಲಿ ಕಟ್ಟಿದವರ ಕೈ ಕಾಣಲ್ಲ, ಯಾರು ಎಳೆದ್ರೂ ಒಂದೇ ಥರ ಲಾಕ್ ಆಗುತ್ತೆ. ವೈರ್ ಇರ್ಲಿ ಅಂದೆ, ತಿರುಚೋದ್ರಲ್ಲೂ ಒಬ್ಬೊಬ್ಬರದ್ದು ಒಂದೊಂದು ಥರ.

ಮಧ್ಯದಲ್ಲಿ ಒಂದು ಅಡ್ಡದಾರಿ ಹಿಡಿದೆ, ಅದೂ ಉಪಯೋಗಕ್ಕೆ ಬಂತು. ಕತ್ತರಿಸಿ ಬಿಸಾಕಿದ ಹಗ್ಗದ ಗಂಟುಗಳನ್ನೂ ಎತ್ಕೊಂಡು ಬರ್ತಿದ್ದೆ, ಡಬ್ಬ ತುಂಬಿತ್ತು. ಅವನ್ನ ಕ್ಯಾಮೆರಾ ಇಲ್ದೇನೇ ಸಯನೋಟೈಪ್ ಮಾಡಿದೆ, ಅಂದ್ರೆ ರಾಸಾಯನಿಕ ಹಚ್ಚಿದ ಕಾಗದದ ಮೇಲೆ ಬಿಸಿಲಿಂದ ಮೂಡಿಸೋ ನೀಲಿ ಚಿತ್ರ. ಇಂಗ್ಲೆಂಡಿನ ಆನಾ ಅಟ್ಕಿನ್ಸ್ 1843ರಲ್ಲಿ ಕಡಲಪಾಚಿಗಳನ್ನ ನೇರ ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದು ನೀಲಿ ಚಿತ್ರಗಳ ಪುಸ್ತಕ ಮಾಡೋಕೆ ಶುರು ಮಾಡಿದ್ರು, ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಆ ವಿಧಾನ ಕಂಡುಹಿಡಿದ ಮಾರನೇ ವರ್ಷಾನೇ. ಸಂಗ್ರಹ, ಫೋಟೋ, ಪುಸ್ತಕ, ಮೂರೂ ಅಷ್ಟು ಹಿಂದೇನೇ ಒಟ್ಟಿಗೆ ಬಂದಿವೆ ನೋಡಿ. ವಿಧಾನ ಸರಳ: 100 ಎಂಎಲ್ ನೀರಿಗೆ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್ ಒಂದು ಬಾಟಲಿ, 100 ಎಂಎಲ್‌ಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್ ಇನ್ನೊಂದು ಬಾಟಲಿ, ಬಳಸೋ ಮುಂಚೆ ಸಮಸಮ ಬೆರೆಸಿ ಮಂದ ಬೆಳಕಲ್ಲಿ ದಪ್ಪ ಕಾಗದಕ್ಕೆ ಹಚ್ಚಿ ಕತ್ತಲಲ್ಲಿ ಒಣಗಿಸೋದು, ಕೈಗೆ ಗ್ಲೌಸ್ ಇರ್ಲಿ. ಮೇಲೆ ಗಂಟಿಟ್ಟು ಬಿಸಿಲಿಗಿಟ್ಟು, ಆಮೇಲೆ ನೀರಲ್ಲಿ ಹಳದಿ ಹೋಗೋವರೆಗೂ ತೊಳೆಯೋದು. ಗಂಟು ಉಬ್ಬಿರೋದ್ರಿಂದ ಕಾಗದಕ್ಕೆ ಪೂರ್ತಿ ತಾಗಲ್ಲ, ಅಂಚು ಮಬ್ಬಾಗುತ್ತೆ, ನಂಗೆ ಅದೇ ಇಷ್ಟ ಆಯ್ತು. ಕ್ಯಾಮೆರಾದಲ್ಲಿ ಮೇಲ್ಮೈ ಕಂಡ್ರೆ ಇಲ್ಲಿ ಬರೀ ಆಕಾರ, ಯಾವ ಹಗ್ಗ ಅಂತಾನೂ ಗೊತ್ತಾಗಲ್ಲ.

ಇನ್ನೊಂದು ಪುನರಾವರ್ತನೆ ಕಾಲದ್ದು. ಅಮೆರಿಕದ ನಿಕೋಲಸ್ ನಿಕ್ಸನ್ 1975ರಿಂದ ನಾಲ್ವರು ಅಕ್ಕತಂಗೀರನ್ನ ವರ್ಷಕ್ಕೊಂದು ಫೋಟೋ ಅಂತ 40 ವರ್ಷಕ್ಕೂ ಹೆಚ್ಚು ಕಾಲ ತೆಗೆದ್ರು, ನಿಲ್ಲೋ ಕ್ರಮ ಕೂಡ ಅದೇ. ನಂಗೆ ಅಷ್ಟು ಪುರುಸೊತ್ತೆಲ್ಲಿ, ದಿನಾ ಓಡಾಡೋ ದಾರಿಯಲ್ಲಿರೋ ಒಂದು ಗೇಟಿನ ಗಂಟನ್ನ ಮಾತ್ರ ಮತ್ತೆ ಮತ್ತೆ ತೆಗೀತಾ ಹೋದೆ. ಬಿಚ್ಚಿ ಬಿಚ್ಚಿ ಕಟ್ಟೋ ಗೇಟು ಅದು, ಒಂದಿನ ಉದ್ದ ಬಾಲ, ಒಂದಿನ ಗಿಡ್ಡ, ಒಮ್ಮೊಮ್ಮೆ ಬರೀ ಸುತ್ತಿ ಬಿಟ್ಟಿರೋರು. ಜಾಗ ತಪ್ಪದಿರ್ಲಿ ಅಂತ ಮೊದಲ ಫೋಟೋನ ಮೊಬೈಲಲ್ಲಿ ತೆರೆದಿಟ್ಕೊಂಡು ಗೇಟಿನ ಕಂಬಿಗಳು ಫ್ರೇಮಿನ ಅಂಚಿಗೆ ಎಲ್ಲಿ ಮುಟ್ತಿದ್ವು ಅಂತ ನೋಡಿ ಹೊಂದಿಸ್ತಿದ್ದೆ. ಈ ಸಾಲನ್ನ ಉಳಿದವುಗಳ ಜೊತೆ ಬೆರೆಸ್ಲಿಲ್ಲ, ಪ್ರತ್ಯೇಕ ಉದ್ದ ಪಟ್ಟಿ ಮಾಡಿ ಇಟ್ಟೆ, ಬೇರೆ ಬೇರೆ ಕೈಗಳ ಸಂಗ್ರಹವೇ ಬೇರೆ, ಒಂದೇ ಗೇಟಿನ ದಿನಚರಿಯೇ ಬೇರೆ.

ಪ್ರದರ್ಶನಕ್ಕೆ 15 ಸೆಂಟಿಮೀಟರಿನ ಚೌಕ ಪ್ರಿಂಟು, ಮ್ಯಾಟ್ ಪೇಪರು, ಅಡ್ಡ ಆರು ಉದ್ದ ನಾಲ್ಕು. ಮಧ್ಯದ ಗ್ಯಾಪ್ ಬಗ್ಗೆ ಯಾರೂ ಹೇಳಲ್ಲ, ಅದು ತುಂಬ ಮುಖ್ಯ: ಜಾಸ್ತಿ ಆದ್ರೆ ಒಂದೊಂದೂ ಬಿಡಿ ಫೋಟೋ ಆಗುತ್ತೆ, ತೀರಾ ಕಮ್ಮಿ ಆದ್ರೆ ವಾಲ್‌ಪೇಪರ್ ಆಗುತ್ತೆ. ಬಿಳಿ ಕಾಗದದ ಚೂರುಗಳನ್ನ ಗೋಡೆಗೆ ಅಂಟಿಸಿ ಸರಿಸಿ ಸರಿಸಿ ನೋಡಿ ನಾನು ಎರಡು ಸೆಂಟಿಮೀಟರಿಗೆ ಬಂದು ನಿಂತೆ. ಪ್ರಿಂಟಿಗೆ ಕೊಡೋ ಮುಂಚೆ ಇಪ್ಪತ್ನಾಲ್ಕನ್ನೂ ಒಂದೇ ಶೀಟಲ್ಲಿ ಹಾಕಿ ಗ್ರೇ ಒಂದೇ ಮಟ್ಟಕ್ಕಿದ್ಯಾ ಅಂತ ನೋಡೋದು ಮರೀಬೇಡಿ, ಒಂದು ಕಪ್ಪಾದ್ರೂ ಗೋಡೆಯಲ್ಲಿ ತೂತು ಬಿದ್ದಂಗೆ ಕಾಣುತ್ತೆ.

ಯಾವಾಗ ನಿಲ್ಲಿಸೋದು ಅನ್ನೋದಕ್ಕೂ ನೆಲದ ಮೇಲಿನ ಗುಡ್ಡೆಗಳೇ ಉತ್ತರ ಕೊಟ್ವು. ಶುರುವಲ್ಲಿ ಹೊಸ ಫೋಟೋ ಬಂದಾಗೆಲ್ಲ ಹೊಸ ಗುಡ್ಡೆ ಬೇಕಾಗ್ತಿತ್ತು, ಬರ್ತಾ ಬರ್ತಾ ಬಂದಿದ್ದೆಲ್ಲ ಇರೋ ಗುಡ್ಡೆಗೇ ಹೋಗಿ ಸೇರೋಕೆ ಶುರು ಆಯ್ತು. ಆಗ ಪ್ರಾಜೆಕ್ಟಿಗೆ ತೆಗೆಯೋದು ನಿಲ್ಲಿಸ್ದೆ. ಅದಾದ್ಮೇಲೂ ಸುಮ್ನೆ ತೆಗ್ದಿದ್ದು ಬೇರೆ ಫೋಲ್ಡರಲ್ಲಿದೆ, ಅದರಲ್ಲಿ ಮೊನ್ನೆ ಎರಡು ಎಲ್ಲೂ ಸೇರ್ದೇ ಇರೋವು ಸಿಕ್ಕಿವೆ: ಎರಡರಲ್ಲೂ ಹಗ್ಗ ಬಿಚ್ಚೋಕಾಗದೆ ಯಾರೋ ಕಟ್ಟಿದ್ದ ಕೊಂಡಿಯನ್ನೇ ಗರಗಸದಲ್ಲಿ ಕೊಯ್ದು ತೆಗೆದಿದ್ದಾರೆ. ಅಂಥದ್ದು ಮೂರನೇದು ಸಿಕ್ಕಿದ್ರೆ ಹೊಸ ಗುಡ್ಡೆ ಶುರು ಮಾಡ್ತೀನಿ.